ಹಾಡು ಯಾರದು?

ಒಂದು ಒಳ್ಳೆಯ ಹಾಡು ಕಿವಿಗೆ ಬಿದ್ದಾಗ ನಾವು ಮೊದಲು ಕೇಳುವ ಪ್ರಶ್ನೆ ‘ಯಾರು ಹಾಡಿದ್ದು?’ ಎಂಬುದು. ‘ಯಾರು ಬರೆದದ್ದು?’ ಎಂದು ಕೇಳುವವರು ವಿರಳ. ಇದರಲ್ಲಿ ಜನರ ತಪ್ಪೇನೂ ಇಲ್ಲ. ಹಾಡು ನಮ್ಮ ಬಳಿಗೆ ಬರುವುದು ಕೊರಳಿನ ಮೂಲಕ. ಆ ಕೊರಳು ನಮಗೆ ಕೇಳಿಸುತ್ತದೆ. ಬರೆದ ಕೈ ಕಾಣಿಸುವುದಿಲ್ಲ. ಎದುರಿಗೆ ಇರುವವರನ್ನು ಮೆಚ್ಚುವುದು ಮನುಷ್ಯಸ್ವಭಾವ. ಔತಣದ ಊಟ ರುಚಿಯಾಗಿದ್ದರೆ ಬಡಿಸಿದವರ ಮುಖ ನೋಡಿ ಸಂತೋಷಪಡುತ್ತೇವೆ. ಒಳಗೆ ಒಲೆಯ ಮುಂದೆ ಬೆವರುತ್ತಿರುವವರ ನೆನಪು ಬರುವುದು ಕೈ ತೊಳೆದ ಮೇಲೆ, ಅದೂ ಬಂದರೆ.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕನ್ನಡ ಪಾಠ ಹೇಳಿದ ನನಗೆ ಈ ಸಂಗತಿ ಮತ್ತೆ ಮತ್ತೆ ಎದುರಾಗಿದೆ. ತರಗತಿಯಲ್ಲಿ ಒಂದು ಭಾವಗೀತೆಯನ್ನು ಓದಲು ಆರಂಭಿಸಿದೊಡನೆ ಹಿಂದಿನ ಬೆಂಚಿನಿಂದ ಒಂದು ದನಿ ಏಳುತ್ತಿತ್ತು: ‘ಸಾರ್, ಇದು ಸಿನಿಮಾ ಹಾಡು!’ ಇನ್ನೊಬ್ಬ ಅದನ್ನು ತಿದ್ದುತ್ತಿದ್ದ: ‘ಅಲ್ಲ ಸಾರ್, ಅಶ್ವತ್ಥ್ ಅವರ ಹಾಡು.’ ಇಬ್ಬರ ಮುಖದಲ್ಲಿಯೂ ಪರಿಚಯದ ಸಂತೋಷವಿರುತ್ತಿತ್ತು. ಪಾಠ ಅರ್ಧ ಆದಂತೆಯೇ ಎಂದು ನನಗೂ ಸಂತೋಷವಾಗುತ್ತಿತ್ತು. ಆದರೆ ಆ ಪದ್ಯವನ್ನು ಬರೆದ ಕವಿ ಅದೇ ಪುಟದಲ್ಲಿ, ತನ್ನ ಹೆಸರಿನ ಕೆಳಗೆ, ಯಾರೂ ಗುರುತಿಸದ ನೆಂಟನಂತೆ ಸುಮ್ಮನೆ ನಿಂತಿರುತ್ತಿದ್ದ.

ನಮ್ಮ ಹಿಂದಿನ ಕವಿಗಳಿಗೆ ಈ ಕಷ್ಟ ಗೊತ್ತಿತ್ತೋ ಏನೋ. ಅವರು ತಮ್ಮ ರಚನೆಯೊಳಗೇ ಒಂದು ಗುರುತನ್ನು ಇಟ್ಟರು. ಅದೇ ಅಂಕಿತ. ‘ಕೂಡಲಸಂಗಮದೇವ’ ಎಂದೊಡನೆ ಅದು ಬಸವಣ್ಣನವರ ವಚನವೆಂದು ತಿಳಿಯುತ್ತದೆ. ‘ಪುರಂದರ ವಿಠಲ’ ಎಂದೊಡನೆ ಪುರಂದರದಾಸರು, ‘ಕಾಗಿನೆಲೆಯಾದಿಕೇಶವ’ ಎಂದೊಡನೆ ಕನಕದಾಸರು ನೆನಪಾಗುತ್ತಾರೆ. ಹತ್ತೊಂಬತ್ತನೆಯ ಶತಮಾನದ ಶಿಶುನಾಳ ಷರೀಫರು ಕೂಡ ತಮ್ಮ ಊರ ದೇವರ ಹೆಸರನ್ನು ಹಾಡಿನ ಕೊನೆಗೆ ಸೇರಿಸಿದರು. ಅಂಕಿತವೆಂಬುದು ದೇವರಿಗೆ ಮಾಡಿದ ಅರ್ಪಣೆ, ನಿಜ. ಆದರೆ ಅದರಿಂದ ಮತ್ತೊಂದು ಉಪಕಾರವೂ ಆಯಿತು. ಹಾಡು ಯಾವ ಊರಿಗೆ ಹೋಗಲಿ, ಯಾರ ಬಾಯಲ್ಲಿ ಬರಲಿ, ಕಟ್ಟಿದವರ ಹೆಸರು ಅದರ ಜೊತೆಯಲ್ಲೇ ಪ್ರಯಾಣ ಮಾಡಿತು. ಓದು ಬರಹ ಅರಿಯದ ಭಜನೆಯ ಗುಂಪು ಕೂಡ ಕವಿಯ ಹೆಸರನ್ನು ಹೇಳದೆ ಹಾಡನ್ನು ಮುಗಿಸುವಂತಿರಲಿಲ್ಲ.

ಆಮೇಲೆ ಅಚ್ಚಿನ ಯಂತ್ರ ಬಂದಿತು. ಕವಿಯ ಹೆಸರು ಪುಸ್ತಕದ ಹೊದಿಕೆಯ ಮೇಲೆ ದಪ್ಪಕ್ಷರಗಳಲ್ಲಿ ಮುದ್ರಣಗೊಂಡಿತು. ಇನ್ನು ಹಾಡಿನೊಳಗೆ ಹೆಸರೇಕೆ? ಹೊಸಗನ್ನಡದ ಕವಿಗಳು ಅಂಕಿತವನ್ನು ಬಿಟ್ಟರು. ಪುಸ್ತಕ ಕೈಯಲ್ಲಿ ಇರುವವರೆಗೆ ಇದರಿಂದ ತೊಂದರೆಯೇನೂ ಇರಲಿಲ್ಲ. ಆದರೆ ಹಾಡು ಪುಸ್ತಕವನ್ನು ಬಿಟ್ಟು ಹೊರಗೆ ಹೊರಟ ದಿನ ಹೆಸರು ಹೊದಿಕೆಯ ಮೇಲೆಯೇ ಉಳಿಯಿತು. ಹೀಗೆ ಹೊರಟ ಹಾಡುಗಳಲ್ಲಿ ಬಹಳ ದೂರ ಹೋದವು ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯ ಹಾಡುಗಳು.

ನರಸಿಂಹಸ್ವಾಮಿಯವರು ಹುಟ್ಟಿದ್ದು 1915ರ ಜನವರಿ 26ರಂದು, ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ. ಕೆರೆ, ಗದ್ದೆ, ಹೊಯ್ಸಳರ ಕಾಲದ ಬ್ರಹ್ಮೇಶ್ವರ ದೇವಾಲಯ ಇರುವ ಊರು ಅದು. 1936ರಲ್ಲಿ ವೆಂಕಮ್ಮನವರೊಡನೆ ಅವರ ಮದುವೆಯಾಯಿತು. ಹೊಟ್ಟೆಪಾಡಿಗೆ ಅವರು ಹಿಡಿದದ್ದು ಸರ್ಕಾರಿ ಕಛೇರಿಯ ಗುಮಾಸ್ತೆಗಿರಿಯನ್ನು. ಹಗಲು ಕಡತ, ಲೆಕ್ಕ, ಮೇಲಧಿಕಾರಿಗಳ ಟಿಪ್ಪಣಿ; ಮಿಕ್ಕ ಹೊತ್ತಿನಲ್ಲಿ ಕವಿತೆ. 1970ರಲ್ಲಿ ನಿವೃತ್ತರಾಗುವ ತನಕ ಅವರ ಬಾಳು ಹೀಗೆಯೇ ನಡೆಯಿತು. ಅವರು ಸಭೆಗಳಲ್ಲಿ ರಾಗವಾಗಿ ಹಾಡಿ ಹೆಸರಾದ ಗಾಯಕರಲ್ಲ. ಬರೆದು, ಬರೆದುದನ್ನು ತಿದ್ದಿ, ಅಚ್ಚಿಗೆ ಕೊಟ್ಟ ಕವಿಗಳು.

‘ಮೈಸೂರ ಮಲ್ಲಿಗೆ’ ಪ್ರಕಟವಾದದ್ದು 1942ರಲ್ಲಿ. ಆಗ ಕವಿಗೆ ಇಪ್ಪತ್ತೇಳು ವರ್ಷ. ಲೋಕದಲ್ಲಿ ಮಹಾಯುದ್ಧ ನಡೆಯುತ್ತಿತ್ತು. ದೇಶದಲ್ಲಿ ಸ್ವಾತಂತ್ರ್ಯದ ಹೋರಾಟ ಕಾವೇರಿತ್ತು. ಅಂಥ ಕಾಲದಲ್ಲಿ ಈ ಕವಿ ಆರಿಸಿಕೊಂಡ ವಸ್ತು ಗಂಡಹೆಂಡಿರ ಒಲವು. ಅರಸರು, ಅಪ್ಸರೆಯರು ಇಲ್ಲಿಲ್ಲ. ಮಾವನ ಮನೆಗೆ ಬರುವ ಅಳಿಯ, ತವರಿಗೆ ಹೋದ ಹೆಂಡತಿ, ಬಾಗಿಲಿಗೆ ಬರುವ ಬಳೆಗಾರ, ಶಾನುಭೋಗರ ಮಗಳು—ನಮ್ಮ ಬೀದಿಯಲ್ಲಿ ದಿನವೂ ಕಾಣಬಹುದಾದವರೇ ಇದರ ನಾಯಕ ನಾಯಿಕೆಯರು. ಮನೆಯೊಳಗಿನ ಮಾತನ್ನು ಮನೆಯ ಮಾತಿನಲ್ಲೇ ಹೇಳಬಹುದೆಂದು ಈ ಪುಸ್ತಕ ತೋರಿಸಿಕೊಟ್ಟಿತು. ಮದುವೆಯಲ್ಲಿ ಉಡುಗೊರೆಯಾಗಿ ಕೊಡುವ ಪುಸ್ತಕವೆಂದು ಅದು ಹೆಸರಾಯಿತು. ನಮ್ಮ ಮನೆಯಲ್ಲಿದ್ದ ಪ್ರತಿಯೂ ನನ್ನ ಅಕ್ಕನ ಮದುವೆಗೆ ಯಾರೋ ಕೊಟ್ಟದ್ದೇ. ಬೆಳ್ಳಿಯ ಬಟ್ಟಲು, ಸೀರೆಗಳ ನಡುವೆ ಬಂದ ಆ ತೆಳುವಾದ ಪುಸ್ತಕವನ್ನು ಅಕ್ಕ ತನ್ನ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಇಟ್ಟುಕೊಂಡಿದ್ದಳು.

ಇಷ್ಟಾದರೂ ಪುಸ್ತಕದ ನಡಿಗೆಗೆ ಒಂದು ಮಿತಿಯುಂಟು. ಓದಬಲ್ಲವರ ಬಾಗಿಲಿನವರೆಗೆ ಮಾತ್ರ ಅದು ಹೋಗಬಲ್ಲದು. ಆ ಬಾಗಿಲನ್ನು ದಾಟಿಸಿದವರು ಗಾಯಕರು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ಆರಂಭಿಸಿದ್ದರು. ರೇಡಿಯೋ ಬೆಳೆದಂತೆ ಕನ್ನಡ ಕವಿತೆಯ ಹಾಡುಗಾರಿಕೆಯೂ ಬೆಳೆಯಿತು. ಪಿ. ಕಾಳಿಂಗರಾಯರು ಕನ್ನಡ ಕವಿಗಳ ಗೀತೆಗಳನ್ನು ಊರೂರಿಗೆ ಒಯ್ದು ಹಾಡಿದರು. ಶಾಸ್ತ್ರೀಯ ಸಂಗೀತದಲ್ಲಿ ರಾಗಕ್ಕೆ ಮೊದಲ ಮಣೆ. ಇಲ್ಲಿ ಮಾತಿಗೂ ಅದರ ಭಾವಕ್ಕೂ ಮೊದಲ ಮಣೆ. ಈ ಬಗೆಯ ಗಾಯನಕ್ಕೆ ಸುಗಮ ಸಂಗೀತವೆಂದು ಹೆಸರಾಯಿತು. ಮೈಸೂರು ಅನಂತಸ್ವಾಮಿಯವರೂ ಸಿ. ಅಶ್ವತ್ಥ್ ಅವರೂ ಇದನ್ನು ಮುಂದುವರಿಸಿದರು. 1978ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ಗೀತೆಗಳಿಗೆ ಅನಂತಸ್ವಾಮಿಯವರು ಸಂಗೀತ ನೀಡಿದ ‘ನಿತ್ಯೋತ್ಸವ’ ಎಂಬ ಕ್ಯಾಸೆಟ್ಟು ಹೊರಬಂದ ಮೇಲೆ ಭಾವಗೀತೆಗಳು ಅಂಗಡಿಯಲ್ಲಿ ಕೊಂಡು ಮನೆಗೆ ತರುವ ವಸ್ತುಗಳಾದವು. ‘ಮೈಸೂರ ಮಲ್ಲಿಗೆ’ಯ ಪದ್ಯಗಳೂ ಅಶ್ವತ್ಥ್ ಅವರ ಸ್ವರಸಂಯೋಜನೆಯಲ್ಲಿ ಹೀಗೆಯೇ ಮನೆಮನೆಗಳನ್ನು ಸೇರಿದವು.

ನಾನು ಮೇಷ್ಟ್ರಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಳ್ಳಿಯಲ್ಲಿ ಬಾಡಿಗೆಗಿದ್ದೆ. ಪಕ್ಕದ ಮನೆಯ ಅಜ್ಜಿ ಸಂಜೆ ಜಗಲಿಯ ಮೇಲೆ ಕುಳಿತು ಹೂ ಕಟ್ಟುವಾಗ ಏನಾದರೊಂದು ಹಾಡನ್ನು ಗುನುಗುತ್ತಿದ್ದರು. ಒಂದು ದಿನ ಅವರ ಬಾಯಲ್ಲಿ ನರಸಿಂಹಸ್ವಾಮಿಯವರ ಪದ್ಯವೊಂದು ಕೇಳಿ ನನಗೆ ಆಶ್ಚರ್ಯವಾಯಿತು. ಆಕೆ ಸಹಿ ಮಾಡಲೂ ಅರಿಯದವರು, ಹೆಬ್ಬೆಟ್ಟು ಒತ್ತುವವರು. ‘ಇದನ್ನು ಎಲ್ಲಿ ಕಲಿತಿರಿ, ಅಜ್ಜಿ?’ ಎಂದೆ. ‘ರೇಡಿಯಾದಾಗೆ ಬತ್ತದಲ್ಲಪ್ಪ, ನಮ್ಮತ್ತೆ ಮನೆ ಕತೆ ಇದ್ದಂಗದೆ’ ಎಂದರು. ಬರೆದವರ ಹೆಸರು ಆಕೆಗೆ ಬೇಕಾಗಿರಲಿಲ್ಲ. ಹಾಡಿದವರ ಹೆಸರೂ ಬೇಕಾಗಿರಲಿಲ್ಲ. ಆ ಹಾಡು ಆಕೆಯದೇ ಆಗಿಹೋಗಿತ್ತು. ಒಬ್ಬ ಕವಿಗೆ ಇದಕ್ಕಿಂತ ದೊಡ್ಡ ಗೆಲುವು ಯಾವುದಿದ್ದೀತು ಎಂದು ಅಂದು ನನಗೆ ಅನ್ನಿಸಿತು. ಇಂದಿಗೂ ಹಾಗೆಯೇ ಅನ್ನಿಸುತ್ತದೆ. ಆದರೆ ಈ ಗೆಲುವಿನ ಲೆಕ್ಕದಲ್ಲಿ ಖರ್ಚಿನ ಕಡೆಯೂ ಒಂದಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು, ಒಂದು ಪದ್ಯ ಹಾಡಾಗುವುದು ಹೇಗೆ ಎಂಬುದನ್ನು ಸ್ವಲ್ಪ ನೋಡೋಣ. ನೀವು ವ್ಯಾಕರಣದ ಪಾಠದಲ್ಲಿ ಲಘು, ಗುರು, ಮಾತ್ರೆ, ಗಣ ಎಂಬ ಮಾತುಗಳನ್ನು ಓದಿದ್ದೀರಿ. ಅವು ಪರೀಕ್ಷೆಗಾಗಿ ಹುಟ್ಟಿದ ಮಾತುಗಳೆಂದು ಹಲವರ ಭಾವನೆ. ಬಿ. ಎಂ. ಶ್ರೀಕಂಠಯ್ಯನವರು ತಮ್ಮ ‘ಇಂಗ್ಲಿಷ್ ಗೀತಗಳು’ ಸಂಕಲನದಿಂದ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳಿಗೆ ಹೊಸ ಹೊಸ ನಡೆಗಳನ್ನು ಕಲಿಸಿದ ಮೇಲೆ ಕನ್ನಡ ಕವಿಗಳು ಅವುಗಳಲ್ಲಿ ಲೀಲಾಜಾಲವಾಗಿ ಬರೆಯತೊಡಗಿದರು. ಮೂರು ಮಾತ್ರೆಯ ನಡೆ ತಿಶ್ರಕ್ಕೆ, ನಾಲ್ಕರದು ಚತುರಶ್ರಕ್ಕೆ, ಐದರದು ಖಂಡಕ್ಕೆ ಸಹಜವಾಗಿ ಒಗ್ಗುತ್ತದೆ; ಮೂರೂ ನಾಲ್ಕೂ ಕೂಡಿದರೆ ಮಿಶ್ರವಾಗುತ್ತದೆ. ನಾನು ಮಕ್ಕಳಿಗೆ ಪದ್ಯವನ್ನು ರಾಗವಿಲ್ಲದೆ ಓದಿಸಿ, ಗಣ ಗಣಕ್ಕೂ ಮೇಜನ್ನು ಮೆಲ್ಲಗೆ ತಟ್ಟಲು ಹೇಳುತ್ತಿದ್ದೆ. ನಾಲ್ಕು ಸಾಲು ಮುಗಿಯುವುದರೊಳಗೆ ಇಡೀ ತರಗತಿಯೇ ತಾಳ ಹಾಕುತ್ತಿತ್ತು. ತಾಳವನ್ನು ಗಾಯಕರು ಹೊರಗಿನಿಂದ ತಂದು ಹಾಕಿದ್ದಲ್ಲ, ಕವಿ ಅದನ್ನು ಮೊದಲೇ ಒಳಗೆ ಇಟ್ಟಿದ್ದಾನೆ ಎಂಬುದು ಆಗ ಅವರಿಗೆ ವಿವರಿಸದೆಯೇ ತಿಳಿಯುತ್ತಿತ್ತು.

ಹಾಗೆಂದು ಸ್ವರ ಹಾಕಿದವರ ಕೆಲಸ ಸಣ್ಣದಲ್ಲ. ಯಾವ ಸಾಲನ್ನು ಪಲ್ಲವಿಯಾಗಿ ಮರಳಿ ಮರಳಿ ತರಬೇಕು, ಯಾವ ಮಾತಿನ ಮೇಲೆ ನಿಲ್ಲಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದನ್ನು ನಿರ್ಧರಿಸುವವರು ಅವರು. ಪುಸ್ತಕದಲ್ಲಿ ಕಣ್ಣು ಒಮ್ಮೆ ದಾಟಿಹೋಗುವ ಒಂದು ಪದವನ್ನು ರಾಗ ಎರಡು ಬಾರಿ, ಮೂರು ಬಾರಿ ನುಡಿಸಿದಾಗ ಅದರ ಅರ್ಥ ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ. ಕವಿತೆಗೆ ಸ್ವರ ಹಾಕುವವರು ಅದರ ಮೊದಲ ಒಳ್ಳೆಯ ಓದುಗರಾಗಿರಬೇಕು. ಅನಂತಸ್ವಾಮಿಯವರೂ ಅಶ್ವತ್ಥ್ ಅವರೂ ಅಂಥ ಓದುಗರಾಗಿದ್ದರು. ಆದುದರಿಂದಲೇ ಅವರ ರಾಗಗಳು ಕವಿತೆಗೆ ತೊಡಿಸಿದ ಉಡುಪಿನಂತೆ ತೋರದೆ ಅದರ ಮೈಬಣ್ಣದಂತೆ ತೋರುತ್ತವೆ.

ಈ ಪ್ರಯಾಣದ ಕೊನೆಯ ಘಟ್ಟ ಚಲನಚಿತ್ರ. ಟಿ. ಎಸ್. ನಾಗಾಭರಣ ಅವರು ನರಸಿಂಹಸ್ವಾಮಿಯವರ ಕವಿತೆಗಳನ್ನೇ ಪೋಣಿಸಿ ಒಂದು ಕಥೆಯನ್ನು ಹೆಣೆದು ‘ಮೈಸೂರ ಮಲ್ಲಿಗೆ’ ಎಂಬ ಚಿತ್ರವನ್ನು ತಯಾರಿಸಿದರು. ಅದಕ್ಕೆ ಅಶ್ವತ್ಥ್ ಅವರು ಸಂಗೀತ ನೀಡಿದರು. 1991ರ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಗೀತರಚನೆಯ ಪ್ರಶಸ್ತಿ ನರಸಿಂಹಸ್ವಾಮಿಯವರಿಗೆ ಬಂದಿತು. ಮೊದಲ ಪುಸ್ತಕ ಅಚ್ಚಾಗಿ ಸುಮಾರು ಅರ್ಧ ಶತಮಾನದ ಮೇಲೆ, ಎಪ್ಪತ್ತೈದನ್ನು ದಾಟಿದ ಕವಿಗೆ ದೇಶದ ಚಿತ್ರಗೀತಕಾರರಲ್ಲಿ ಮೊದಲ ಸ್ಥಾನ! ಚಿತ್ರಕ್ಕೆಂದು ಬರೆಯುವುದನ್ನು ಕಸುಬಾಗಿ ಹಿಡಿಯದವರಿಗೆ ಸಂದ ಗೌರವ ಇದು. ಪರರ ಕೊರಳು ಎಷ್ಟು ದೂರ ಹೊತ್ತೊಯ್ಯಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈಗ ಖರ್ಚಿನ ಕಡೆಗೆ ಬರೋಣ.

ಗಾಯಕರು ಎಲ್ಲವನ್ನೂ ಹೊತ್ತೊಯ್ಯಲಾರರು, ಅವರು ಆರಿಸಲೇಬೇಕು. ಪದ್ಯದಲ್ಲಿ ಎಂಟು ನುಡಿಗಳಿದ್ದರೆ ಹಾಡಿನಲ್ಲಿ ಮೂರೋ ನಾಲ್ಕೋ ಉಳಿಯುತ್ತವೆ. ಸಮಯದ ಮಿತಿ ಅಂಥದು. ಕೇಳಿ ಕಲಿತವರು ಅಷ್ಟೇ ಪದ್ಯವೆಂದು ತಿಳಿಯುತ್ತಾರೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನರಸಿಂಹಸ್ವಾಮಿಯವರು ‘ಮೈಸೂರ ಮಲ್ಲಿಗೆ’ಯಲ್ಲಿಯೇ ನಿಂತವರಲ್ಲ. ಅವರಿಗೂ ವಯಸ್ಸಾಯಿತು, ಮನೆಯ ಬಾಳು ಹೂವಿನ ಹಾಸಿಗೆ ಮಾತ್ರವಲ್ಲ ಎಂಬುದು ಅವರಿಗೂ ತಿಳಿಯಿತು. ಕನ್ನಡ ಕಾವ್ಯದಲ್ಲಿ ನವ್ಯದ ಗಾಳಿ ಬೀಸಿ, ಒಲವಿನ ಹಾಡನ್ನು ಹಗುರವೆಂದು ಜನ ಅಲ್ಲಗಳೆಯತೊಡಗಿದ ಕಾಲದಲ್ಲಿ ಅವರು ‘ಶಿಲಾಲತೆ’ಯನ್ನು ಪ್ರಕಟಿಸಿದರು. ಅದು 1958ರಲ್ಲಿ. ಹೆಸರೇ ಹೇಳುವಂತೆ ಅಲ್ಲಿ ಬಳ್ಳಿಯ ಜೊತೆಗೆ ಕಲ್ಲೂ ಇದೆ. ನಡೆ ನಿಧಾನ, ಅರ್ಥ ಗಾಢ. ಮುಂದೆ 1976ರಲ್ಲಿ ‘ತೆರೆದ ಬಾಗಿಲು’ ಬಂದಿತು. 1977ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. 1990ರಲ್ಲಿ ಮೈಸೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 2003ರ ಡಿಸೆಂಬರಿನಲ್ಲಿ ತೀರಿಕೊಳ್ಳುವ ಕೆಲವು ವರ್ಷಗಳ ಹಿಂದಿನವರೆಗೂ ಅವರ ಹೊಸ ಸಂಕಲನಗಳು ಬರುತ್ತಲೇ ಇದ್ದವು.

ಆದರೆ ‘ಮೈಸೂರ ಮಲ್ಲಿಗೆ’ಯ ಹಾಡನ್ನು ಬಾಯಿಪಾಠವಾಗಿ ಹೇಳಬಲ್ಲ ನೂರು ಜನರನ್ನು ನಿಲ್ಲಿಸಿ ‘ಶಿಲಾಲತೆ’ಯನ್ನು ಓದಿದ್ದೀರಾ ಎಂದು ಕೇಳಿದರೆ ಎಷ್ಟು ಕೈಗಳು ಮೇಲೆದ್ದಾವು? ಹಾಡಿಗೆ ಒಗ್ಗಿದ ಕವಿ ಜನರ ನಾಲಗೆಯ ಮೇಲೆ ಉಳಿದರು. ಹಾಡಿಗೆ ಸುಲಭವಾಗಿ ಒಗ್ಗದ ಕವಿ ಗ್ರಂಥಾಲಯದ ಬೀರುವಿನಲ್ಲಿ ಉಳಿದರು. ಇಬ್ಬರೂ ಒಬ್ಬರೇ ಎಂಬುದನ್ನು ನಾವು ಮರೆತೆವು. ಇಪ್ಪತ್ತೇಳರ ತರುಣನನ್ನು ಎತ್ತಿ ಮೆರೆಸಿದೆವು. ಅರವತ್ತು ದಾಟಿದ ಮೇಲೆ ಅವರು ಬರೆದುದನ್ನು ಕೇಳುವ ವ್ಯವಧಾನ ನಮಗೆ ಇರಲಿಲ್ಲ. ನನಗೂ ಈಗ ಅರವತ್ತು ದಾಟಿದೆ. ಆದುದರಿಂದ ಈ ಮಾತು ನನಗೆ ಸ್ವಲ್ಪ ಹೆಚ್ಚಾಗಿಯೇ ತಾಗುತ್ತದೆಯೋ ಏನೋ.

ಇದಕ್ಕೆ ಗಾಯಕರನ್ನು ದೂರುವುದು ಕೃತಘ್ನತೆಯಾದೀತು. ಅವರು ತಮ್ಮ ಪಾಲಿನ ಕೆಲಸವನ್ನು ಪೂರ್ತಿಯಾಗಿ ಮಾಡಿದರು. ಉಳಿದ ಕೆಲಸ ಕೇಳುವವರದು. ನರಸಿಂಹಸ್ವಾಮಿಯವರು ಮೆಚ್ಚಿ ಕನ್ನಡಕ್ಕೆ ತಂದ ಕವಿಗಳಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ ಒಬ್ಬ. ಹದಿನೆಂಟನೆಯ ಶತಮಾನದ ಆತನ ದಾರಿ ಇದಕ್ಕೆ ತಿರುಗುಮುರುಗು. ಜನರ ಬಾಯಲ್ಲಿ ಮೊದಲೇ ಇದ್ದ ಹಳೆಯ ಮಟ್ಟುಗಳನ್ನು ಹಿಡಿದು ಅವುಗಳಿಗೆ ಅವನು ಮಾತು ಕಟ್ಟಿದ. ಅಲ್ಲಿ ರಾಗ ಮೊದಲು, ಮಾತು ಆಮೇಲೆ. ಇಲ್ಲಿ ಮಾತು ಮೊದಲು, ರಾಗ ಆಮೇಲೆ. ಯಾವುದು ಮೊದಲಾದರೂ ಒಂದಕ್ಕೊಂದು ಋಣಿ. ಹಾಡು ಎಂಬುದು ಒಬ್ಬರ ಸೊತ್ತಲ್ಲ, ಪಾಲುದಾರಿಕೆಯ ಬೇಸಾಯ.

ಪಾಲುದಾರಿಕೆ ಎಂದ ಮೇಲೆ ಪಾಲು ಸರಿಯಾಗಿ ಹಂಚಿಕೆಯಾಗಬೇಕು. ನಮ್ಮ ದೇಶದ ಕಾನೂನು ಇದನ್ನು ಒಪ್ಪುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆ ಹಾಡಿನ ಮಾತನ್ನು ಒಂದು ಕೃತಿಯೆಂದೂ ಅದರ ಸ್ವರಸಂಯೋಜನೆಯನ್ನು ಬೇರೊಂದು ಕೃತಿಯೆಂದೂ ಎಣಿಸುತ್ತದೆ. 1994ರ ತಿದ್ದುಪಡಿ ಹಾಡಿದವರಿಗೂ ಪ್ರತ್ಯೇಕ ಹಕ್ಕನ್ನು ಕೊಟ್ಟಿತು. 2012ರ ತಿದ್ದುಪಡಿಯ ಪ್ರಕಾರ, ಚಿತ್ರದಲ್ಲಿ ಸೇರಿದ ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾಗಿ ಹಣ ಬಂದಾಗ ಅದರಲ್ಲಿ ಬರೆದವರಿಗೂ ಸ್ವರ ಹಾಕಿದವರಿಗೂ ಪಾಲಿರುತ್ತದೆ. ಆ ಪಾಲನ್ನು ಅವರಿಂದ ಮೊದಲೇ ಬರೆಸಿಕೊಂಡುಬಿಡುವಂತಿಲ್ಲ. ಆದರೆ ಕಾನೂನು ಕೊಡಿಸಬಲ್ಲದ್ದು ಹಣವನ್ನು. ನೆನಪನ್ನು ಕೊಡಬೇಕಾದವರು ನಾವು.

ಅದು ಕಷ್ಟದ ಕೆಲಸವೇನೂ ಅಲ್ಲ. ಆಕಾಶವಾಣಿಯ ಉದ್ಘೋಷಕರು ಭಾವಗೀತೆಯನ್ನು ಪ್ರಸಾರ ಮಾಡುವಾಗ ರಚನೆ ಇಂಥವರದು, ಸಂಗೀತ ಇಂಥವರದು, ಹಾಡಿದವರು ಇಂಥವರು ಎಂದು ಮೂರು ಹೆಸರುಗಳನ್ನೂ ಹೇಳುವುದು ವಾಡಿಕೆ. ಅರ್ಧ ನಿಮಿಷವೂ ಹಿಡಿಯದ ಈ ಮಾತಿನಲ್ಲಿ ದೊಡ್ಡ ಸಂಸ್ಕಾರವಿದೆ. ಹಳೆಯ ಕವಿಗಳು ಹಾಡಿನ ಒಳಗೆ ಇಟ್ಟ ಅಂಕಿತವನ್ನು ಇವರು ಹಾಡಿನ ಹೊರಗೆ ನಿಂತು ನುಡಿಯುತ್ತಾರೆ. ಕೈಯಲ್ಲಿ ಹಿಡಿಯುವ ಫೋನಿನಲ್ಲೇ ಸಾವಿರಾರು ಹಾಡುಗಳು ದೊರೆಯುವ ಈ ಕಾಲದಲ್ಲಿ ಅನೇಕ ಕಡೆ ಹಾಡಿದವರ ಹೆಸರು ಮಾತ್ರ ಎದ್ದು ಕಾಣುತ್ತದೆ, ಉಳಿದವರನ್ನು ಹುಡುಕಬೇಕಾಗುತ್ತದೆ. ಹುಡುಕುವ ಶ್ರಮವನ್ನು ನಾವು ಪಡಬೇಕು.

ನಿಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ನೀವು ಒಂದು ಭಾವಗೀತೆಯನ್ನು ಹಾಡುವಿರಿ ಎಂದುಕೊಳ್ಳಿ. ಹಾಡುವ ಮೊದಲು ಬರೆದವರ ಹೆಸರನ್ನೂ ಸ್ವರ ಹಾಕಿದವರ ಹೆಸರನ್ನೂ ಸ್ಪಷ್ಟವಾಗಿ ಹೇಳಿ. ಚಪ್ಪಾಳೆ ನಿಮಗೇ ಬರುತ್ತದೆ. ಅದರಲ್ಲಿ ಏನೂ ಕಡಮೆಯಾಗುವುದಿಲ್ಲ. ಮರುದಿನ ಶಾಲೆಯ ಗ್ರಂಥಾಲಯಕ್ಕೆ ಹೋಗಿ ಆ ಕವಿಯ ಪುಸ್ತಕವನ್ನು ಕೇಳಿ ತೆಗೆದುಕೊಳ್ಳಿ. ನೀವು ಹಾಡಿದ ಪದ್ಯ ಯಾವ ಪುಟದಲ್ಲಿದೆ, ನೀವು ಹಾಡದೆ ಬಿಟ್ಟ ನುಡಿಗಳು ಯಾವುವು ಎಂಬುದನ್ನು ನೋಡಿ. ಅಲ್ಲಿಗೇ ನಿಲ್ಲಿಸದೆ ಪುಟಗಳನ್ನು ಮಗುಚುತ್ತ ಹೋಗಿ, ಯಾರೂ ಇನ್ನೂ ಹಾಡದ ಒಂದು ಪದ್ಯವನ್ನು ಆರಿಸಿಕೊಂಡು ನಿಧಾನವಾಗಿ, ತುಟಿ ಅಲುಗುವಂತೆ ಓದಿ. ಆ ಪದ್ಯವೂ ಬರೆದ ದಿನದಿಂದ ಒಂದು ಕೊರಳಿಗಾಗಿ ಕಾದಿದೆ. ಅದು ನಿಮ್ಮದೇ ಏಕಾಗಬಾರದು?